ಹಿಂದಿನ ಕೋಣೆಯ ಹೊಗೆ ಲೆಕ್ಕ

ಚಿತ್ರ ಚಾವಣಿಯ ಮನೆ
ಅಕ್ಟೋಬರ್ ೯

ಸೊಸೆಗೆ ಅತ್ತೆಯ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದನ್ನು ಮೊನ್ನೆ ಸಭೆಯಲ್ಲಿ ಕಣ್ಣಾರೆ ನೋಡಿದೆ, ಹಾಗಾಗಿ ಆ ಮಾತು ಬಿಡೋಣ. ಇಷ್ಟು ವರ್ಷ ಬರೆಯದವಳು ಈಗ ಯಾಕೆ ಕಾಗದ ಹಿಡಿದಳು ಎಂದು ಹುಬ್ಬೇರಿಸಬೇಡ. ಈ ಮನೆಯ ದಪ್ಪ ಗೋಡೆಗಳೊಳಗೆ ಫೋನ್ ಹಿಡಿಯುವುದಿಲ್ಲ. ಗೇಟಿನ ಹತ್ತಿರ ನಿಂತು ಕೂಗಾಡಿದರೆ ನೀನು "ಹೂಂ ಅತ್ತೆ, ಹೂಂ ಅತ್ತೆ" ಅನ್ನುತ್ತೀಯ, ಕಿವಿಗೆ ಹಾಕಿಕೊಂಡೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಾಗದದಲ್ಲಾದರೆ ಮಧ್ಯೆ ಬಾಯಿ ಹಾಕುವವರಿಲ್ಲ.

ಹಳೆಯ ಕಟ್ಟಡಗಳನ್ನು ಕಾಪಾಡುವ ನಮ್ಮ ಸಂಸ್ಥೆಗೆ ನಾನು ಸೇರಿದಾಗ ನಿನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ಈ ಮನೆಯನ್ನು ನೋಡಿಕೊಂಡು ಇದರ ಹಿಂದಿನ ಎರಡು ಕೋಣೆಗಳಲ್ಲಿ ಬಾಳುತ್ತಿದ್ದೇನೆ. ನೀನು ಪ್ರಧಾನ ಕಚೇರಿಗೆ ಬಂದದ್ದು ಮೊನ್ನೆ ಮೊನ್ನೆ. ನಮ್ಮ ಮನೆಗಳೆಲ್ಲ ಎಷ್ಟು ಇಂಗಾಲ ಉಗುಳುತ್ತವೆ ಎಂದು ಅಳೆದು ಅದನ್ನು ಇಳಿಸುವುದು ನಿನ್ನ ಕೆಲಸ. ನಾನು ಅದಕ್ಕೆ ಹೊಗೆ ಲೆಕ್ಕ ಅನ್ನುತ್ತೇನೆ, ಸಿಟ್ಟಾಗಬೇಡ. ದೊಡ್ಡ ಕೆಲಸವೇ. ಆದರೆ ಎಲ್ಲ ಮನೆಗಳನ್ನು ನೋಡಿಕೊಳ್ಳುವವರು ಸಾಲಾಗಿ ಕೂತಿರುವಾಗ ಪರದೆಯ ಮೇಲೆ ಕೆಂಪು ಕಂಬ ಎಬ್ಬಿಸಿ, "ಎಲ್ಲಕ್ಕಿಂತ ಹೆಚ್ಚು ಎಣ್ಣೆ ಸುಡೋದು ಇದೇ ಮನೆ" ಎಂದುಬಿಟ್ಟೆಯಲ್ಲ! ಎಲ್ಲರ ಕತ್ತೂ ನನ್ನ ಕಡೆ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೊದಲೇ ನನ್ನ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ನಿನ್ನ ನಾಲಿಗೆ ಸವೆಯುತ್ತಿತ್ತೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲದಲ್ಲಿ ನಾನು ನಿನ್ನನ್ನು ನಾಲ್ಕು ಜನರ ಮುಂದೆ ಅಂದವಳಲ್ಲ.

ಎಣ್ಣೆ ಸುಟ್ಟು ಮನೆಗೆಲ್ಲ ಶಾಖ ಕೊಡುವ ಈ ಬಾಯ್ಲರ್ ಉರಿಯುವುದು ನನ್ನ ಸುಖಕ್ಕಲ್ಲ ಕಣಮ್ಮ. ಸಂಗೀತದ ಹಜಾರದ ಮರದ ಚಾವಣಿ ತೇವ ತಾಳುವುದಿಲ್ಲ. ಮರ ಉಬ್ಬಿ ಕುಗ್ಗಿದರೆ ಅದರ ಮೇಲೆ ಬರೆದ ಚಿತ್ರಗಳೆಲ್ಲ ಚಕ್ಕೆಚಕ್ಕೆಯಾಗಿ ಉದುರುತ್ತವೆ. ಇದೆಲ್ಲ ನಿನಗೂ ಗೊತ್ತು. ಹೊಟ್ಟೆ ಉರಿಯಿತು, ಬರೆದೆ.

ನನ್ನ ಮಗರಾಯನಿಗೆ ಕೂದಲು ಕತ್ತರಿಸಿಕೊಳ್ಳಲು ಹೇಳು.

ಇಂತಿ,
ಕೆಂಪು ಕಂಬದ ಅತ್ತೆ

—

ಅಕ್ಟೋಬರ್ ೧೭

ಅತ್ತೆಗೆ ನಮಸ್ಕಾರ.

ತಪ್ಪಾಯಿತು. ಮೊದಲೇ ಹೇಳಬೇಕಿತ್ತು. ಹೇಳಿದರೆ "ಮನೆಯವರಿಗೆ ಒಂದು ನ್ಯಾಯ, ಉಳಿದವರಿಗೆ ಒಂದು ನ್ಯಾಯ" ಅಂದಾರು ಎಂದು ಹೆದರಿದೆ. ಹೆದರಿಕೆಯಲ್ಲಿ ಮರ್ಯಾದೆ ಮರೆತೆ. ಅದಕ್ಕೆ ನೀವು ಬೈದದ್ದು ಕಡಿಮೆಯೇ ಆಯಿತು.

ಆದರೆ ಒಂದು ಮಾತು ನೀವೂ ಕೇಳಬೇಕು. ಹೋದ ವರ್ಷ ಹೊಳೆದಂಡೆಯ ಮನೆಗೆ ನೀರು ನುಗ್ಗಿತಲ್ಲ, ಇಳಿದ ಮೇಲೆ ನಾನು ಹೋಗಿ ನೋಡಿದ್ದೆ. ಎದೆಮಟ್ಟದವರೆಗೆ ಗೋಡೆಯ ಗಾರೆಯೆಲ್ಲ ಕಳಚಿತ್ತು. ಆ ಮನೆ ನೋಡಿಕೊಳ್ಳುವ ಅಜ್ಜ ಕೆಸರಿನೊಳಗೆ ಕೈಯಾಡಿಸಿ ನೆಲದ ಹೆಂಚು ಹುಡುಕುತ್ತಿದ್ದರು. ಅಷ್ಟು ನೀರು ಹಿಂದೆಂದೂ ಬಂದಿರಲಿಲ್ಲವಂತೆ. ಒಂದು ಕೈಯಲ್ಲಿ ಹಳೆ ಗೋಡೆಗೆ ಗಾರೆ ಮೆತ್ತುತ್ತೇವೆ, ಇನ್ನೊಂದು ಕೈಯಲ್ಲಿ ಎಣ್ಣೆ ಸುಟ್ಟು ಆ ನೀರನ್ನೇ ಕರೆಯುತ್ತೇವೆ. ನನಗೆ ಅದು ತಡೆಯಲಾಗಲಿಲ್ಲ ಅತ್ತೆ. ಇನ್ನು ಹತ್ತು ವರ್ಷದೊಳಗೆ ನಮ್ಮ ಯಾವ ಮನೆಯೂ ಎಣ್ಣೆ ಸುಡಬಾರದು, ಪ್ರತಿ ವರ್ಷ ಇಷ್ಟಿಷ್ಟು ಇಳಿಯಬೇಕು ಎಂದು ಸಂಸ್ಥೆ ಊರೆದುರಿಗೆ ಮಾತು ಕೊಟ್ಟಿದೆ. ಆ ಮಾತು ಕೊಡಿಸಿದವಳು ನಾನು. ಮೊದಲನೆಯ ವರ್ಷವೇ ಮುಗ್ಗರಿಸಿದರೆ ಮುಂದೆ ನನ್ನ ಮಾತು ಯಾರೂ ಕೇಳುವುದಿಲ್ಲ.

ಚಾವಣಿಯ ತಂಟೆಗೆ ಹೋಗುವುದು ಬೇಡ. ಬೇರೆ ಎಲ್ಲಾದರೂ ಸ್ವಲ್ಪ ಇಳಿಸಲು ಸಾಧ್ಯವೇ ನೋಡಿ. ಬರುವ ತಿಂಗಳ ಕೊನೆಗೆ ಎಣ್ಣೆಯ ಮೀಟರ್ ಓದಿ ತಿಳಿಸಿ.

ನಿಮ್ಮ ಮಗ ಕೂದಲು ಕತ್ತರಿಸಿಕೊಳ್ಳುವುದಿಲ್ಲವಂತೆ. ಚಳಿಗೆ ಬೇಕಂತೆ.

ನಿಮ್ಮ,
ಸೊಸೆ

—

ನವೆಂಬರ್ ೩೦

ಸೊಸೆಗೆ,

ಮೀಟರ್ ಓದಿದೆ. ಕನ್ನಡಕ ಒರೆಸಿಕೊಂಡು ಎರಡನೇ ಸಲವೂ ಓದಿದೆ. ಹೋದ ವರ್ಷದ ನವೆಂಬರಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ಎಣ್ಣೆ ಖರ್ಚಾಗಿದೆ. ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದು ಲಗತ್ತಿಸಿದ್ದೇನೆ. ನಂಬಿಕೆ ಇಲ್ಲದಿದ್ದರೆ ಎಣ್ಣೆ ತಂದು ಹಾಕುವವನನ್ನೇ ಕೇಳು.

ಮಾಡಿದ್ದು ಇಷ್ಟೇ. ಹಿಂದಿನ ಭಾಗಕ್ಕೆ ಬಿಸಿನೀರು ಹೋಗುವ ಕೊಳವೆಯ ವಾಲ್ವ್ ಮುಚ್ಚಿದೆ. ಆ ಎರಡು ಕೋಣೆ ಯಾರೋ ಆಮೇಲೆ ಅಂಟಿಸಿದ ಬಾಲ, ಮೂರು ಕಡೆಯೂ ಗಾಳಿ, ಮೇಲೆ ತೆಳು ಮಾಡು. ಅಲ್ಲಿಗೆ ಕಾಯಿಸಿದ್ದೆಲ್ಲ ಆಕಾಶಕ್ಕೆ ಹೋಗುತ್ತಿತ್ತು. ನನಗೆ ಅಡುಗೆ ಒಲೆಯ ಕಾವೇ ಧಾರಾಳ. ಹಜಾರಕ್ಕೆ ಎಂದಿನಷ್ಟೇ ಶಾಖ ಹೋಗುತ್ತಿದೆ, ಚಾವಣಿಗೆ ಕೂದಲೆಳೆಯಷ್ಟೂ ಕೊಂಕಿಲ್ಲ.

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಕೈಗವಸು ಹಾಕಿಕೊಂಡು ಬರೆಯುವುದು ನನ್ನ ಹೊಸ ಶೋಕಿ.

ಇಂತಿ,
ಅತ್ತೆ

—

ಡಿಸೆಂಬರ್ ೮

ಅತ್ತೆಗೆ ನಮಸ್ಕಾರ.

ಕಚೇರಿಯಲ್ಲಿ ಕುರ್ಚಿ ಬಿಟ್ಟೆದ್ದು ಕುಣಿಯುವುದೊಂದು ಬಾಕಿ! ಅರ್ಧಕ್ಕಿಂತ ಕಡಿಮೆ! ನಾವು ಕನಸು ಕಂಡದ್ದೇ ಹತ್ತರಲ್ಲಿ ಒಂದು ಪಾಲು ಇಳಿಯಲಿ ಎಂದು. ಮೀಟರ್ ಕೆಟ್ಟಿದೆಯೇನೋ ಎಂದು ಎಣ್ಣೆಯವನನ್ನೂ ಕೇಳಿದೆ, ಕ್ಷಮಿಸಿ. ನಿಮ್ಮ ಮಾತು ಅಕ್ಷರಶಃ ನಿಜ.

ಈ ಸಲದ ಸಭೆಯಲ್ಲಿ ಪರದೆಯ ಮೇಲೆ ನಿಮ್ಮ ಮನೆಯ ಕಂಬ ಹಸಿರು. ಅದೂ ಎಲ್ಲಕ್ಕಿಂತ ಗಿಡ್ಡ. ಕೆಲವರಿಗೆ ಉತ್ತರ ಕೊಟ್ಟ ಹಾಗಾಯಿತು. ಯಾರಿಗೆ ಎನ್ನುವುದು ಈಗ ಬೇಡ. ಅತ್ತೆ, ಎರಡು ವರ್ಷದಲ್ಲಿ ಮೊದಲ ಸಲ ನಾನು ಸಭೆಯ ಕೋಣೆಯಿಂದ ತಲೆ ಎತ್ತಿಕೊಂಡು ಹೊರಬಂದೆ. ನಿಮ್ಮಿಂದ ಬಂದೆ.

ಆ ಒಲೆಯ ಉಪಾಯ ಇನ್ನಷ್ಟು ವಿವರವಾಗಿ ಬರೆಯಿರಿ. ಎಲ್ಲರೂ ಕೇಳುತ್ತಿದ್ದಾರೆ.

ನಿಮ್ಮ,
ಹಸಿರು ಕಂಬದ ಸೊಸೆ

—

ಡಿಸೆಂಬರ್ ೨೩

ಸೊಸೆಗೆ,

ಒಲೆಯಲ್ಲಿ ಉಪಾಯವೇನು ಬಂತು? ಹೊತ್ತಿಸಿದರೆ ಉರಿಯುತ್ತದೆ. ಅದನ್ನೂ ವಿವರಿಸಿ ಬರೆಯುವಷ್ಟು ಕಲಿತವಳಲ್ಲ ನಾನು. ತಲೆ ಎತ್ತಿಕೊಂಡು ಹೊರಬಂದೆ ಅಂದೆಯಲ್ಲ, ಆ ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಹಾಗೇ ಇರು.

ಸಂಜೆಯ ಹೊತ್ತು ಬೀದಿ ತಿರುವಿನ ಬೇಕರಿಗೆ ಹೋಗಿ ಕೂರುತ್ತೇನೆ. ಬೇಕರಿಯವನ ಹೆಂಡತಿ ಮಹಾ ಮಾತುಗಾತಿ. ಅವರ ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡರೆ ಅಂಗಡಿ ಮುಚ್ಚುವ ತನಕ ಹೊತ್ತು ಹೋದದ್ದೇ ತಿಳಿಯುವುದಿಲ್ಲ. "ನಿಮ್ಗೆ ಮನೆ ಮಠ ಇಲ್ವಾ?" ಎಂದು ಗಂಡ ರೇಗಿಸುತ್ತಾನೆ. ಎಲ್ಲರ ಬಾಯಿಗೂ ಬೀಗ ಹಾಕಲಾಗುತ್ತದೆಯೇ, ಬಿಡು.

ಸ್ವಲ್ಪ ಕೆಮ್ಮು. ಈ ಕಾಲಕ್ಕೆ ಯಾರಿಗಿಲ್ಲ ಹೇಳು. ನನ್ನ ಮಗ ರಜೆಗೆ ಬರುತ್ತೇನೆಂದು ಬರೆದಿದ್ದ. ಈಗ ಬೇಡ ಎಂದು ಹೇಳು. ಹಿಂದಿನ ಕೋಣೆಗಳಿಗೆ ಸುಣ್ಣ ಬಳಿಸುತ್ತಿದ್ದೇನೆ, ಕಾಲಿಡಲು ಜಾಗವಿಲ್ಲ. ನೀನೂ ಬರಬೇಡ. ಸುಣ್ಣದ ಘಾಟು ನಿನಗೆ ಆಗುವುದಿಲ್ಲ.

ಇಂತಿ,
ಅತ್ತೆ

—

ಜನವರಿ ೧೪

ಅತ್ತೆಗೆ ನಮಸ್ಕಾರ.

ಸಿಹಿ ಸುದ್ದಿ. ಆಡಳಿತ ಮಂಡಳಿ ನಿಮ್ಮ ದಾರಿಯನ್ನು ಎಲ್ಲ ಮನೆಗಳಿಗೂ ಒಪ್ಪಿಕೊಂಡಿತು. ಬರುವ ತಿಂಗಳ ಮೊದಲನೆಯ ದಿನದಿಂದ ಪ್ರತಿ ಮನೆಯಲ್ಲೂ ನೋಡಿಕೊಳ್ಳುವವರ ಕೋಣೆಗಳ ವಾಲ್ವ್ ಮುಚ್ಚುತ್ತಾರೆ, ಅಡುಗೆ ಒಲೆಯ ಕಾವನ್ನೇ ಬಳಸುತ್ತಾರೆ. ಇದರಿಂದ ಈ ವರ್ಷದ ಗುರಿ ಮುಟ್ಟುತ್ತೇವೆ ಅತ್ತೆ, ದಾಟಿಯೇ ಹೋಗುತ್ತೇವೆ! ಇನ್ನೊಂದು ಮಾತು ಕಿವಿಗೆ ಬಿದ್ದಿದೆ. ನಮ್ಮ ವಿಭಾಗದ ಮುಖ್ಯಸ್ಥರು ಬೇಸಿಗೆಗೆ ನಿವೃತ್ತರಾಗುತ್ತಾರೆ, ಆ ಜಾಗ ನನಗೆ ಬರಬಹುದಂತೆ.

ಒಂದಿಬ್ಬರು "ಕೋಣೆ ಬೆಚ್ಚಗಿರುತ್ತಾ?" ಎಂದು ಕೇಳಿದರು. "ನಮ್ಮತ್ತೆ ಇಲ್ವಾ? ಅವರ ವಯಸ್ಸಿಗೇ ಸಾಕಾಗಿದೆ, ನಿಮಗೇನ್ರೀ?" ಅಂದೆ.

ನಿಮ್ಮ ಮಗ ಮಾತ್ರ ಗೊಣಗುತ್ತಿದ್ದಾರೆ. ಚಳಿಗಾಲದಲ್ಲಿ ಸುಣ್ಣ ಯಾರು ಬಳಿಸುತ್ತಾರೆ, ಅದು ಒಣಗುತ್ತದೆಯೇ ಎಂದು. ಬರುವುದನ್ನು ತಪ್ಪಿಸಲು ನೀವು ನೆಪ ಹೇಳುತ್ತಿದ್ದೀರಂತೆ. ಇದು ಅಮ್ಮ ಮಗನ ಜಗಳ, ನಾನು ನಡುವೆ ಬರುವುದಿಲ್ಲ. ಕೆಮ್ಮಿಗೆ ಔಷಧಿ ತೆಗೆದುಕೊಳ್ಳಿ.

ನಿಮ್ಮ,
ಸೊಸೆ

—

ಫೆಬ್ರವರಿ ೧೧

ಸೊಸೆಗೆ,

ಈ ಕಾಗದವನ್ನು ಕೂತುಕೊಂಡು ಓದು.

ನಿನ್ನೆ ಮಧ್ಯಾಹ್ನ ಗೋಪುರದ ಮನೆ ನೋಡಿಕೊಳ್ಳುವವನು ಬಸ್ಸು ಹಿಡಿದು ಬಂದಿದ್ದ. ಜೊತೆಗೆ ಹೆಂಡತಿ, ಅವಳ ಎದೆಗೆ ಅವುಚಿಕೊಂಡ ಹಸುಗೂಸು. ಬಾಗಿಲಲ್ಲೇ ಕೈ ಮುಗಿದ.

"ಅಕ್ಕಾ, ಬೈಬೇಡಿ, ಹೇಳ್ದೆ ಕೇಳ್ದೆ ಬಂದ್ಬಿಟ್ವಿ. ವಾಲ್ವ್ ಮುಚ್ಚಿದ್ಮೇಲೆ ಒಲೆ ಎಷ್ಟು ಉರಿಸಿದ್ರೂ ನಮ್ ಕೋಣೆ ಬೆಚ್ಚಗಾಗ್ತಾನೇ ಇಲ್ಲ. ನಾವೇ ಏನೋ ತಪ್ಪು ಮಾಡ್ತಿದೀವಿ ಅನ್ಸುತ್ತೆ. ನೀವು ಹೇಗೆ ಮಾಡ್ತೀರ ಒಂಚೂರು ತೋರಿಸಿ, ಕಲ್ತ್ಕೊಂಡು ಹೋಗ್ತೀವಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಬೀಗದ ಕೈ ಕಳೆದಿದೆ, ಒಳಗೆ ಗಲೀಜು, ಏನೇನೋ ಹೇಳಿದೆ. ಅಷ್ಟರಲ್ಲಿ ಮಗು ಅಳತೊಡಗಿತು. ಅಳುವ ಕೂಸನ್ನು ಹೊಸ್ತಿಲಲ್ಲಿ ನಿಲ್ಲಿಸುವಷ್ಟು ಕಟುಕಳೇ ನಾನು? ಒಳಗೆ ಕರೆದೆ.

ಅವನು ಸುತ್ತ ನೋಡಿದ. ಮಾತಾಡಿದರೆ ಬಾಯಿಂದ ಬಿಳಿ ಹಬೆ. ಕಿಟಕಿಯಲ್ಲಿಟ್ಟ ಲೋಟದ ನೀರು ಮೇಲೆ ಕೆನೆಗಟ್ಟಿದ ಹಾಗೆ ಹೆಪ್ಪುಗಟ್ಟಿತ್ತು. ಮಂಚದ ಮೇಲೆ ನನ್ನ ಕಂಬಳಿಗಳ ಜೊತೆ ಹಜಾರದ ಹಳೆ ಜಮಖಾನೆಯೂ ಇತ್ತು. ಅವನ ಹೆಂಡತಿ ಮಗುವಿನ ಹೊದಿಕೆ ಸಡಿಲಿಸಲೇ ಇಲ್ಲ.

"ನೀವು ಮಲಗೋದು ಇಲ್ಲೇನಾ ಅಕ್ಕಾ?" ಎಂದ.

ಸುಳ್ಳು ಬಾಯಿಗೆ ಬರಲಿಲ್ಲ. "ಹೂಂ" ಅಂದೆ.

"ಈ ಕೋಣೆ ನಂಬ್ಕೊಂಡೇ ನಮ್ಮನೆ ವಾಲ್ವ್ ಮುಚ್ಚಿಸಿದ್ರಾ?"

ಕೂಗಾಡಲಿಲ್ಲ ಕಣೆ. ಮೆಲ್ಲಗೆ ಕೇಳಿದ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಮಗುವಿನ ಕೈ ಮುಟ್ಟಿದೆ, ಮಂಜುಗಡ್ಡೆ. ಇನ್ನು ತಡೆಯಲಾಗಲಿಲ್ಲ. ಮೂವರನ್ನೂ ಮುಂದಿನ ಭಾಗಕ್ಕೆ ಕರೆದುಕೊಂಡು ಹೋಗಿ, ನೋಡಲು ಬಂದವರು ದಾಟಬಾರದೆಂದು ಕಟ್ಟಿದ ಹಗ್ಗ ಎತ್ತಿ, ಸಂಗೀತದ ಹಜಾರದಲ್ಲಿ ಕೂರಿಸಿದೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಆ ಹಗ್ಗದಾಚೆ ಯಾರೂ ಕೂತಿಲ್ಲ, ನಾನೂ ಕೂತಿಲ್ಲ. ನಿಯಮ ಮುರಿದಿದ್ದೇನೆ, ಬೇಕಾದರೆ ಅದನ್ನೂ ಬರೆದುಕೋ. ಮಗು ಬೆಚ್ಚಗಾಗಿ ನಿದ್ದೆ ಹೋಯಿತು. ಅದರ ತಾಯಿ ಚಾವಣಿ ನೋಡುತ್ತಾ ಅತ್ತಳು.

ಒಲೆಯ ಕಾವು ಸಾಕೆಂದದ್ದು ಸುಳ್ಳು. ನಾನೊಬ್ಬಳು ತಡೆದುಕೊಂಡರೆ ಮುಗಿಯಿತು ಅಂದುಕೊಂಡಿದ್ದೆ. ಅದನ್ನೇ ದಾರಿ ಅಂದುಕೊಂಡು ನೀವು ಊರಿಗೆಲ್ಲ ಹಂಚುತ್ತೀರಿ ಎಂದು ನನಗೇನು ಗೊತ್ತು? ಜನವರಿಯಲ್ಲಿ ನಿನ್ನ ಕಾಗದ ಬಂದ ದಿನವೇ ಬಾಯಿ ಬಿಡಬೇಕಿತ್ತು. ನಿನ್ನ ಸಂತೋಷ ಹಾಳು ಮಾಡಲು ಮನಸ್ಸು ಬರಲಿಲ್ಲ. ಅವರವರ ಕೋಣೆ ನನ್ನದಕ್ಕಿಂತ ವಾಸಿಯಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ಅಕ್ಟೋಬರ್ ಸಭೆ ಮುಗಿದ ಮೇಲೆ ನಾನು ಮೆಟ್ಟಿಲ ಹತ್ತಿರ ನಿನಗಾಗಿ ಕಾಯುತ್ತಿದ್ದೆ. ಸಂಸ್ಥೆಯ ಕಾರ್ಯದರ್ಶಿ ಇನ್ನಿಬ್ಬರ ಜೊತೆ ಇಳಿದು ಬಂದ. "ಮೊದ್ಲು ಅತ್ತೆ ಮನೆ ಬೆಂಕಿ ಆರಿಸ್ಲಿ, ಆಮೇಲೆ ಊರಿಗೆ ಬುದ್ಧಿ ಹೇಳ್ಲಿ" ಎಂದ. ಮೂವರೂ ನಕ್ಕರು. ಅವರ ಹಿಂದೆಯೇ ನೀನು ಬಂದೆ. ಕೇಳಿಸಿಕೊಂಡಿದ್ದೆ, ನಿನ್ನ ಮುಖ ನೋಡಿದೊಡನೆ ಗೊತ್ತಾಯಿತು. ಆದರೂ ನನ್ನನ್ನು ನೋಡಿ "ಊಟ ಆಯ್ತಾ ಅತ್ತೆ?" ಎಂದು ನಕ್ಕೆ. ಆ ನಗು ನನ್ನಿಂದ ನೋಡಲಾಗಲಿಲ್ಲ. ನನ್ನ ಸೊಸೆಯನ್ನು ನಾನು ಬೈಯಬಹುದು, ಬೀದಿಯಲ್ಲಿ ಹೋಗುವವರು ನಗಬಾರದು. ಮನೆಗೆ ಬಂದವಳೇ ನೆಲಮಾಳಿಗೆಗೆ ಇಳಿದು ವಾಲ್ವ್ ತಿರುವಿದೆ.

ಸಭೆಗೆ ನಾನೇ ಬರುತ್ತೇನೆ. ಅತ್ತೆ ಮೋಸ ಮಾಡಿದಳು, ಸೊಸೆಗೇನೂ ಗೊತ್ತಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತೇನೆ. ನಿನಗೆ ಬರಲಿರುವ ಹುದ್ದೆಗೆ ಕುತ್ತು ಬರಬಾರದು.

ಇಂತಿ,
ಅತ್ತೆ

—

ಫೆಬ್ರವರಿ ೧೪

ಅತ್ತೆ,

ನೀವು ಸಭೆಗೆ ಬರಬೇಡಿ.

ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಈ ಕಾಗದವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ಕಾರ್ಯದರ್ಶಿ ನಕ್ಕರೆ ನನಗೇನು ಕೈಕಾಲು ಮುರಿಯುತ್ತಿತ್ತೇ? ಎರಡು ದಿನ ಬೇಜಾರಾಗುತ್ತಿತ್ತು, ಅಷ್ಟೇ. ಆ ಕೋಣೆಯಲ್ಲಿ ನಿಮಗೆ ಏನಾದರೂ ಆಗಿದ್ದರೆ ನಿಮ್ಮ ಮಗನ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕಿತ್ತು? ನಿಮ್ಮ ಕೆಮ್ಮಿನ ಸುದ್ದಿ ಓದಿದೆ, ಕೈಗವಸು ಓದಿದೆ, ಬೇಕರಿ ಓದಿದೆ, ಸುಣ್ಣ ಓದಿದೆ. ಓದಿ ನಕ್ಕೆ. ಅಂಕಿ ಚೆನ್ನಾಗಿತ್ತಲ್ಲ, ಅದಕ್ಕೆ ನಕ್ಕೆ. ನನ್ನ ಸಿಟ್ಟು ಅರ್ಧ ನಿಮ್ಮ ಮೇಲೆ, ಅರ್ಧ ನನ್ನ ಮೇಲೆ. ಯಾವ ಅರ್ಧ ದೊಡ್ಡದು ಎಂದು ಈಗ ಕೇಳಬೇಡಿ.

ವಾಲ್ವ್‌ಗಳನ್ನು ಇವತ್ತೇ ತೆರೆಯಿರಿ ಎಂದು ಎಲ್ಲ ಮನೆಗಳಿಗೂ ಬೆಳಗ್ಗೆಯೇ ಹೇಳಿ ಕಳಿಸಿದ್ದೇನೆ. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಗೋಪುರದ ಮನೆಯವರಿಗೆ ನಾನೇ ಫೋನ್ ಮಾಡಿದೆ. ಮಗು ಚೆನ್ನಾಗಿದೆ.

ನೀವೂ ತೆರೆಯಿರಿ. ತೆರೆದೆ ಎಂದು ಬರೆಯಿರಿ.

ಸೊಸೆ

—

ಫೆಬ್ರವರಿ ೧೭

ಸೊಸೆಗೆ,

ತೆರೆದೆ. ಕೊಳವೆ ಡಬಡಬ ಬಡಿದುಕೊಂಡು ಆಮೇಲೆ ಬಿಸಿಯಾಯಿತು. ಬೆನ್ನು ಒರಗಿಸಿ ಕೂತೆ. ನಿನ್ನ ಕಂಬ ಕೆಂಪಾಗುತ್ತದಲ್ಲ ಎಂದು ಒಂದು ಕಡೆ, ಹಾಯ್ ಎನ್ನಿಸುವ ಸುಖ ಇನ್ನೊಂದು ಕಡೆ. ಅಳು ಬಂತು.

ಅತ್ತೆ

—

ಮಾರ್ಚ್ ೬

ಅತ್ತೆಗೆ ನಮಸ್ಕಾರ.

ಸಭೆ ನಿನ್ನೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನೀವು ಮೋಸ ಮಾಡಿದಿರಿ ಅನ್ನಲಿಲ್ಲ. ಎಷ್ಟು ಎಣ್ಣೆ ಉರಿಯಿತು ಎಂದು ಪ್ರತಿ ತಿಂಗಳು ಕೇಳಿದೆ, ಆ ಕೋಣೆಯಲ್ಲಿ ಕೂತವರು ಹೇಗಿದ್ದಾರೆ ಎಂದು ಒಮ್ಮೆಯೂ ಹೋಗಿ ನೋಡಲಿಲ್ಲ, ತಪ್ಪು ನನ್ನದು ಅಂದೆ.

ಕಾರ್ಯದರ್ಶಿ ಕೇಳಿದರು: "ಅಂದ್ರೆ ನಿಮ್ಮ ಅತ್ತೆ ಮನೆ ಮತ್ತೆ ಕೊನೇಲಿ ಅನ್ನಿ?"

"ಹೌದು, ಕೊನೇಲಿ," ಅಂದೆ. "ಈ ವರ್ಷದ ಗುರಿ ಮುಟ್ಟೋದಿಲ್ಲ. ಹತ್ತು ವರ್ಷದ ಮಾತು ಹನ್ನೆರಡು ಆಗುತ್ತೆ. ಅದನ್ನ ನಾವೇ ಊರಿಗೆ ಹೇಳ್ಬೇಕು."

ಒಬ್ಬರೂ ನಗಲಿಲ್ಲ. ಕೊನೆಗೆ ಒಪ್ಪಿದರು. ಬರುವ ಚಳಿಗಾಲದೊಳಗೆ ಶಾಖ ಹೊರಹೋಗದಂತೆ ನೋಡಿಕೊಳ್ಳುವವರ ಕೋಣೆಗಳ ಮಾಡಿಗೆ ಉಣ್ಣೆಯ ಪದರ, ಕಿಟಕಿಗೆ ಎರಡನೇ ಗಾಜು. ಅದು ಮುಗಿಯದೆ ಯಾವ ವಾಲ್ವಿಗೂ ಕೈ ಹಾಕುವಂತಿಲ್ಲ. ವಾರ್ಷಿಕ ವರದಿಯಲ್ಲಿ "ಗುರಿ ತಪ್ಪಿತು" ಎಂದು ಬರೆದು ಕೆಳಗೆ ನಾನು ಸಹಿ ಮಾಡಬೇಕು. ಮುಖ್ಯಸ್ಥರ ಜಾಗ ಬೇರೆಯವರಿಗೆ ಹೋಗುತ್ತದೆ. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಂಡೆಯ ಮನೆ ಕಣ್ಣ ಮುಂದೆ ಬರುತ್ತದೆ, ಎರಡು ವರ್ಷ ಕಳೆದುಕೊಂಡೆನಲ್ಲ ಅನ್ನಿಸುತ್ತದೆ.

ನಿಮ್ಮ ಮನೆಯದು ಬೇರೆ ಕಥೆ. ಆ ಹಿಂದಿನ ಕೋಣೆಗಳಿಗೆ ಎಷ್ಟು ಉಣ್ಣೆ ತುಂಬಿದರೂ ಅಷ್ಟಕ್ಕಷ್ಟೆ. ನೀವು ಮಗುವನ್ನು ಹಜಾರದಲ್ಲಿ ಮಲಗಿಸಿದ್ದು ಓದಿದಾಗಿನಿಂದ ಒಂದೇ ಯೋಚನೆ. ಚಾವಣಿಯ ಬಣ್ಣಕ್ಕೆಂದು ಹೇಗಿದ್ದರೂ ಹಜಾರ ಕಾಯಿಸುತ್ತೇವೆ. ಅದರ ಪಕ್ಕದಲ್ಲಿ ಸಂಗೀತಗಾರರು ಕಾಯುತ್ತಿದ್ದ ಕೋಣೆ ಇದೆಯಲ್ಲ, ಶಾಖ ಅಲ್ಲಿಗೂ ತಾನಾಗಿಯೇ ಹರಿಯುತ್ತದೆ. ನೀವು ಅಲ್ಲಿರಬಾರದೇಕೆ? ಬಣ್ಣಕ್ಕೆ ಕಾಯಿಸಿದ್ದರಲ್ಲೇ ನೀವೂ ಇರಿ, ಹಿಂದಿನ ಭಾಗಕ್ಕೆ ಬೀಗ ಹಾಕೋಣ. "ಕೆಲಸದವರು ಮುಂಭಾಗದಲ್ಲಿ ವಾಸ ಮಾಡೋ ಪದ್ಧತಿ ಇಲ್ಲ" ಎಂದು ಮಂಡಳಿಯ ಹಿರಿಯರೊಬ್ಬರು ಎದ್ದು ಹೋದರು. ಉಳಿದವರು ಕೈ ಎತ್ತಿದರು. ಅಡುಗೆ ಮಾತ್ರ ಅಲ್ಲಿ ಮಾಡುವಂತಿಲ್ಲ, ಅದಕ್ಕಷ್ಟೇ ಹಿಂದಿನ ಬೀಗ ತೆಗೆಯಬೇಕು. ಮೊಳೆ ಹೊಡೆಯುವಂತಿಲ್ಲ.

ಒಪ್ಪುತ್ತೀರಾ? ಈ ಸಲ ನಿಜ ಬರೆಯಿರಿ.

ನಿಮ್ಮ,
ಸೊಸೆ

—

ಮಾರ್ಚ್ ೩೧

ನನ್ನ ಸೊಸೆಗೆ,

ಮೊದಲು ನಿನ್ನ ಲೆಕ್ಕ. ಈ ತಿಂಗಳ ಅಂಕಿ ಕೆಟ್ಟದಾಗಿದೆ. ಮೂರು ವಾರ ವಾಲ್ವ್ ಪೂರ್ತಿ ತೆರೆದಿತ್ತು, ನಾನು ಆಸೆಬುರುಕಿಯಂತೆ ಕಾಯಿಸಿಕೊಂಡೆ. ಕೆಂಪು ಕಂಬವೇ. ಒಂದು ಹನಿಯೂ ಮುಚ್ಚಿಡದೆ ಬರೆದಿದ್ದೇನೆ, ಪರದೆಯ ಮೇಲೆ ಧಾರಾಳವಾಗಿ ತೋರಿಸು.

ಹೋದ ವಾರ ನನ್ನ ಮಗ ಬಂದು ಮಂಚ ಸಾಗಿಸಿಕೊಟ್ಟ. ನನ್ನನ್ನು ಬೈದ, ಆಮೇಲೆ ಕಣ್ಣೊರೆಸಿಕೊಂಡ, ಆಮೇಲೆ ಮತ್ತೆ ಬೈದ. ನೀನು ವರದಿಗೆ ಸಹಿ ಹಾಕಿ ಮನೆಗೆ ಬಂದ ಸಂಜೆ ಊಟ ಮಾಡಲಿಲ್ಲವಂತೆ. ನನಗೆ ಯಾಕೆ ಬರೆಯಲಿಲ್ಲ? ಚಳಿ ಮುಚ್ಚಿಟ್ಟೆ ಎಂದು ನನ್ನನ್ನು ಬೈದೆ, ನೀನು ಮಾಡಿದ್ದೇನು? ಇನ್ನು ಮುಂದೆ ನೀನೂ ನಿಜ ಬರೆಯಬೇಕು. ಒಪ್ಪಂದ ಎಂದರೆ ಎರಡೂ ಕಡೆಗೆ.

ಮೊದಲ ದಿನ ಹಗ್ಗದಾಚೆ ಕೂರಲು ಮೈಯೆಲ್ಲ ಮುದುಡಿತು, ಯಾರದೋ ಮನೆಗೆ ಕರೆಯದೆ ಹೋದವಳಂತೆ. ಮಧ್ಯಾಹ್ನ ಸೊಂಟ ನೋವೆಂದು ಅಡ್ಡಾದೆ. ಹಜಾರದ ಚಾವಣಿ ಈ ಹೊಸ ಕೋಣೆಯ ತನಕ ಚಾಚಿದೆ. ಇಷ್ಟು ವರ್ಷ ಏಣಿ ಹತ್ತಿ ಕತ್ತು ಸೊಟ್ಟ ಮಾಡಿಕೊಂಡು ಅದರ ಧೂಳು ಒರೆಸಿದ್ದೇನೆ, ಮಲಗಿ ನೋಡಿದವಳಲ್ಲ. ಮೂಲೆಯಲ್ಲೊಬ್ಬ ಕೊಳಲು ಊದುವವನಿದ್ದಾನೆ ಕಣೆ, ಅವನ ಒಂದು ಕೈಗೆ ಆರು ಬೆರಳು! ಬರೆದವನ ಕಣ್ತಪ್ಪೋ, ನಿಜವಾಗಿ ಅಂಥವನೊಬ್ಬ ಇದ್ದನೋ. ಒಬ್ಬಳೇ ನಕ್ಕು ನಕ್ಕು ಸಾಕಾಯಿತು. ನೋಡಲು ಬಂದವರೊಬ್ಬರು ಇಣುಕಿ, "ಇವರೂ ಪ್ರದರ್ಶನಕ್ಕಾ?" ಎಂದರು. "ಹೌದು, ಮುಟ್ಬೇಡಿ" ಅಂದೆ.

ಕೆಮ್ಮು ಹೋಗಿದೆ. ನಿಜ, ಬೇಕಾದರೆ ಬೇಕರಿಯವಳನ್ನು ಕೇಳು.

ಗೋಪುರದ ಮನೆಗೆ ಉಣ್ಣೆ ಬಂದಿದೆಯೇ ಎಂದು ಮೊದಲು ವಿಚಾರಿಸು. ಉಳಿದವರದು ಆಮೇಲೆ. ನಿನಗೆ ಆ ಹುದ್ದೆ ತಪ್ಪಿತಲ್ಲ ಎಂದು ನನಗೆ ಸಂಕಟ ಇದೆ, ಅದು ಬೇಗ ಹೋಗುವುದೂ ಇಲ್ಲ. ಆದರೆ ನಾಳೆ ನೀನು ಆ ಮೆಟ್ಟಿಲು ಇಳಿಯುವಾಗ ಯಾರಾದರೂ ಹಿಂದಿನಿಂದ ನಕ್ಕರೆ ನಗಲಿ ಬಿಡು. ನಿನ್ನ ಅತ್ತೆ ಬೆಚ್ಚಗಿದ್ದಾಳೆ.

ಇಂತಿ,
ನಿನ್ನ ಅತ್ತೆ